ಮುಳ್ಳು ಒಂದು ಗೆರೆ ಮೇಲೆ

ಮಾರ್ಚ್ ಕೊನೆಯ ವಾರ ಇರಬೇಕು. ಹೆಬ್ಬಾಳದ ಮೇಲ್ಸೇತುವೆ ಹತ್ತುವ ಮುಂಚೆ ಗಾಡಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವಲ್ಲ, ಅಲ್ಲಿ ನಿಂತಿದ್ದೆ. ಬೇರೆ ಕೆಲಸ ಇರಲಿಲ್ಲ. ಸುಮ್ನೆ ಡ್ಯಾಶ್‌ಬೋರ್ಡ್ ನೋಡುತ್ತಾ ಕೂತಿದ್ದೆ. ಆಗ ಕಣ್ಣಿಗೆ ಬಿತ್ತು. ಟೆಂಪರೇಚರ್ ಮುಳ್ಳು ತನ್ನ ಜಾಗದಲ್ಲಿ ಇರಲಿಲ್ಲ. ಕೆಂಪು ಪಟ್ಟಿ ಇನ್ನೂ ದೂರವೇ ಇತ್ತು. ನಡುಮಧ್ಯದ ಗೆರೆ ಬಿಟ್ಟು ಒಂದೇ ಒಂದು ಗೆರೆ ಮೇಲೆ ಹೋಗಿತ್ತು, ಅಷ್ಟೇ. ಹನ್ನೊಂದು ವರ್ಷದಿಂದ ಈ ಕಾರು ಓಡಿಸುತ್ತಿದ್ದೇನೆ. ಆ ಮುಳ್ಳು ಬೆಳಿಗ್ಗೆ ಐದಾರು ನಿಮಿಷಕ್ಕೆ ನಡುವಿಗೆ ಬಂದು ನಿಂತರೆ, ಸಂಜೆ ಮನೆಗೆ ಬಂದು ಕೀ ತೆಗೆಯುವವರೆಗೆ ಅಲ್ಲಾಡಿದ್ದು ನಾನು ಕಂಡಿಲ್ಲ. ಸೇತುವೆ ಹತ್ತಿ ಗಾಡಿ ಓಡತೊಡಗಿದ ಮೇಲೆ ಮುಳ್ಳು ವಾಪಸ್ ಕೆಳಗಿಳಿಯಿತು. ಏನೂ ಆಗಿಲ್ಲ ಅನ್ನೋ ಥರ ನಿಂತುಕೊಂಡಿತು.

ಆ ಒಂದು ಗೆರೆ ನನ್ನ ತಲೆಯಿಂದ ಹೋಗಲಿಲ್ಲ. ರಾತ್ರಿ ಮಲಗಿದಾಗಲೂ ನೆನಪಾಗುತ್ತಿತ್ತು. ಮನೆಯಲ್ಲಿ ಹೇಳಿದರೆ ನಗುತ್ತಾರೆ. ಆಫೀಸಿನಲ್ಲಿ ಹೇಳಿದೆ. ತಪ್ಪಾಯಿತು. ಬೆಂಗಳೂರಿನಲ್ಲಿ ಕಾರು ಹೀಟ್ ಆಗುತ್ತಿದೆ ಅಂದರೆ ಸಾಕು, ಎಲ್ಲರ ಹತ್ತಿರವೂ ಉತ್ತರ ಸಿದ್ಧ ಇರುತ್ತದೆ. ಒಬ್ಬರು ಥರ್ಮೋಸ್ಟಾಟ್ ಅಂದರು, ಎಂಜಿನ್ ನೀರು ಕಾದಾಗ ತೆರೆದು ಅದನ್ನು ತಣ್ಣಗಾಗಲು ಬಿಡುವ ಕವಾಟ. ಒಬ್ಬರು ಕೂಲೆಂಟ್, ಅಂದರೆ ಆ ನೀರಿಗೆ ಬೆರೆಸುವ ದ್ರವ, ಚೇಂಜ್ ಮಾಡಿ ಅಂದರು. ಇನ್ನೊಬ್ಬರು ಮುಖ ಸಣ್ಣ ಮಾಡಿಕೊಂಡು, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ, ‘ಹೆಡ್ ಗ್ಯಾಸ್ಕೆಟ್ ಹೋಗಿರಬಹುದು’ ಅಂದರು. ಎಂಜಿನ್ನಿನ ತಲೆಗೂ ಮೈಗೂ ನಡುವಿನ ಸೀಲು ಅದು. ‘ಬೇಸಿಗೆ ಅಲ್ವಾ, ಹಂಗೇ’ ಅಂದವರೂ ಇದ್ದರು. ಈ ಬೇಸಿಗೆಯ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮೂರಿನ ಸೆಕೆ ದೊಡ್ಡ ಸುದ್ದಿಯಾಗುತ್ತದೆ, ನಿಜ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು. ಆದರೆ ಇದೇ ಕಂಪನಿಯ ಇದೇ ಕಾರು ಕಲಬುರಗಿಯಲ್ಲೂ ಓಡುತ್ತದೆ. ಅಲ್ಲಿ ಬೇಸಿಗೆಯಲ್ಲಿ 42 ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅಲ್ಲಿ ಅಲ್ಲಾಡದ ಮುಳ್ಳು ಹೆಬ್ಬಾಳದಲ್ಲಿ ಯಾಕೆ ಅಲ್ಲಾಡಬೇಕು? ಬಿಸಿಲು ಇದ್ದ ಕಾಯಿಲೆಯನ್ನು ಎತ್ತಿ ತೋರಿಸಬಹುದು. ಕಾಯಿಲೆ ಮಾತ್ರ ಗಾಡಿಯದ್ದೇ.

ಮುಳ್ಳಿನ ಬಗ್ಗೆಯೂ ಒಂದು ಮಾತು. ಅದನ್ನು ನಾನು ಥರ್ಮಾಮೀಟರ್ ಅಂದುಕೊಂಡಿದ್ದೆ. ಹಾಗೇನಿಲ್ಲ. ಎಂಜಿನ್ ಒಳಗಿನ ನೀರು 80 ಇರಲಿ, 100 ಇರಲಿ, ಈಗಿನ ಬಹಳಷ್ಟು ಕಾರುಗಳಲ್ಲಿ ಮುಳ್ಳು ನಡುವೆಯೇ ನಿಂತಿರುವ ಹಾಗೆ ಮಾಡಿರುತ್ತಾರೆ. ಸ್ವಲ್ಪ ಏರಿಳಿದರೆ ಸಾಕು, ಜನ ಹೆದರಿ ಗ್ಯಾರೇಜಿಗೆ ಓಡುತ್ತಾರೆ, ಅದಕ್ಕೆ. ಕೆಲವು ಕಾರುಗಳಲ್ಲಿ ಮುಳ್ಳೂ ಇಲ್ಲ. ಒಂದು ನೀಲಿ ದೀಪ, ಒಂದು ಕೆಂಪು ದೀಪ, ಮುಗಿಯಿತು. ಅಂದರೆ ನಮಗೆ ಕಾಣುವ ಹಾಗೆ ಮುಳ್ಳು ಮೇಲೆದ್ದಿದೆ ಅಂದರೆ ಒಳಗೆ ಬಿಸಿ ಆಗಲೇ ಸಾಕಷ್ಟು ಏರಿದೆ. ನನಗೆ ಬರೀ ಒಂದು ಗೆರೆ ಅನ್ನಿಸಿದ್ದು ಗಾಡಿಗೆ ಬರೀ ಒಂದು ಗೆರೆ ಆಗಿರಲಿಲ್ಲ.

ಶಿರಾಡಿಯ ಗೋಣಿಚೀಲ

ಈ ದಿನಗಳಲ್ಲೇ ಹಳೆಯದೊಂದು ನೆನಪು ಮತ್ತೆ ಮತ್ತೆ ಬರತೊಡಗಿತು. ನನಗೆ ಆಗ ಹತ್ತು ವರ್ಷ. ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರುತ್ತಿದ್ದೆವು. ಬಾಡಿಗೆಯ ಅಂಬಾಸಿಡರ್. ಹಿಂದೆ ಐದು ಜನ, ಮುಂದೆ ಮೂರು ಜನ, ಡಿಕ್ಕಿ ತುಂಬ ಸಾಮಾನು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಡ್ರೈವರ್ ಗಾಡಿಯನ್ನು ಪಕ್ಕಕ್ಕೆ ತೆಗೆದರು. ಬಾನೆಟ್ಟಿನ ಅಂಚಿನಿಂದ ಆವಿ ಬರುತ್ತಿತ್ತು. ನನಗೋ ಖುಷಿ, ಇಳಿದು ಹಳ್ಳದ ನೀರಿನಲ್ಲಿ ಆಡಬಹುದು ಅಂತ. ಅಪ್ಪನಿಗೆ ಅವಸರ. ರಾತ್ರಿಯೊಳಗೆ ಬೆಂಗಳೂರು ಸೇರಬೇಕು. ಅವರು ಟವೆಲ್ ಸುತ್ತಿಕೊಂಡು, ಎಂಜಿನ್ ನೀರು ತಣ್ಣಗಾಗುವ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿಯೇಬಿಟ್ಟರು. ಡ್ರೈವರ್ ಅವರ ಮಣಿಕಟ್ಟು ಗಟ್ಟಿಯಾಗಿ ಹಿಡಿದರು. ‘ಸ್ವಾಮಿ, ಮುಖ ಬೆಂದುಹೋಗುತ್ತೆ. ಬನ್ನಿ ಈಚೆಗೆ’ ಅಂದರು. ನಮ್ಮ ಅಪ್ಪನ ಕೈ ಹಾಗೆ ಹಿಡಿದವರನ್ನು ನಾನು ಅವತ್ತೇ ಮೊದಲು ನೋಡಿದ್ದು.

ಆಮೇಲೆ ಅವರು ಅವಸರ ಮಾಡಲೇ ಇಲ್ಲ. ಗೋಣಿಚೀಲ ಒಂದನ್ನು ಹಳ್ಳದಲ್ಲಿ ಅದ್ದಿ ತಂದು ರೇಡಿಯೇಟರ್ ಮೈಮೇಲೆ ಹೊದಿಸಿದರು. ಬೀಡಿ ಹಚ್ಚಿದರು. ಅರ್ಧ ಗಂಟೆ ಆದ ಮೇಲೆ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿದರು. ಹಾವು ಬುಸುಗುಟ್ಟಿದ ಹಾಗೆ ಸದ್ದು ಬಂತು. ಅದು ಪೂರ್ತಿ ಅಡಗಿದ ಮೇಲೆ ತೆಗೆದರು. ಎಂಜಿನ್ ಚಾಲೂ ಮಾಡಿ, ಚೊಂಬಿನಲ್ಲಿ ಒಂದೊಂದೇ ಧಾರೆ ನೀರು ಬಿಟ್ಟರು. ಒಮ್ಮೆಲೆ ತಣ್ಣೀರು ಸುರಿದರೆ ಕಾದ ಕಬ್ಬಿಣ ಬಿರುಕು ಬಿಡುತ್ತದೆ ಅಂತ ನನಗೆ ಹೇಳಿದರು. ಅಪ್ಪನಿಗೆ ಇನ್ನೊಂದು ಮಾತು ಹೇಳಿದರು. ‘ಏರಲ್ಲಿ ಮಾತ್ರ ಕಾಯುತ್ತೆ ಸ್ವಾಮಿ. ಬಯಲಲ್ಲಿ ಏನೂ ತೊಂದರೆ ಇಲ್ಲ. ರೇಡಿಯೇಟರ್ ಒಳಗೆ ಹೂಳು ತುಂಬಿದೆ.’ ಕೆರೆಗೆ ಹೂಳು ತುಂಬುವುದು ಕೇಳಿದ್ದೆ. ಕಾರಿಗೂ ತುಂಬುತ್ತದೆ ಅನ್ನುವುದು ನನಗೆ ಬಹಳ ತಮಾಷೆ ಅನ್ನಿಸಿತ್ತು. ಆ ಮಾತಿನ ಮೊದಲ ಅರ್ಧ, ‘ಏರಲ್ಲಿ ಮಾತ್ರ’ ಅನ್ನುವುದು, ಎಷ್ಟು ಮುಖ್ಯ ಅಂತ ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಮುಚ್ಚಳದ ಕಥೆ ಅಡುಗೆ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ಅದು ಕುಕ್ಕರೇ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ಇರುವುದರಿಂದ ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ನೀರು ಆರಾಮಾಗಿ 90, 95 ಇರುತ್ತದೆ. ಸ್ವಲ್ಪ ಹೆಚ್ಚಾದರೂ ಕುದ್ದುಹೋಗಬೇಕು. ಹಾಗಾಗದಿರಲಿ ಅಂತ ಮುಚ್ಚಳದಲ್ಲಿ ಸ್ಪ್ರಿಂಗ್ ಇಟ್ಟಿದ್ದಾರೆ. ನನ್ನ ಕಾರಿನ ಮುಚ್ಚಳದ ಮೇಲೆ 1.1 ಅಂತ ಒತ್ತಿದ್ದಾರೆ. ಅಷ್ಟು ಬಾರ್ ಒತ್ತಡದಲ್ಲಿ ಬರೀ ನೀರು ಕೂಡ ಹತ್ತಿರಹತ್ತಿರ 120 ಡಿಗ್ರಿವರೆಗೆ ಕುದಿಯದೆ ಇರುತ್ತದೆ. ಕೂಲೆಂಟ್ ಬೆರೆಸಿದರೆ ಇನ್ನೂ ಮೇಲೆ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಒತ್ತಡ ಹೋಗುತ್ತದೆ, ಅಷ್ಟೂ ನೀರು ಒಂದೇ ಕ್ಷಣಕ್ಕೆ ಕುದಿದು ಮುಖಕ್ಕೆ ಹಾರುತ್ತದೆ. ಕುಕ್ಕರ್ ಗ್ಯಾಸ್ಕೆಟ್ ಸಡಿಲಾದರೆ ಬೇಳೆ ಬೇಯುವುದಿಲ್ಲವಲ್ಲ, ಹಾಗೆ ಈ ಮುಚ್ಚಳದ ರಬ್ಬರ್ ಹಳೆಯದಾದರೂ ತೊಂದರೆ. ಒಂದು ಸಣ್ಣ ಮುಚ್ಚಳ ಕೆಟ್ಟು ಇಡೀ ಎಂಜಿನ್ ಕುದಿದ ಕೇಸುಗಳಿವೆ.

ಕತ್ತಲಲ್ಲಿ ಕಲ್ಲು

ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ, ನಾಚಿಕೆಯಾದರೂ ಸರಿ. ಮೊದಲು ಕೂಲೆಂಟ್ ಬದಲಾಯಿಸಿದೆ. ಹಳೆಯದು ಹಸಿರು ಇರಬೇಕಿತ್ತು, ಬೆಲ್ಲದ ಪಾನಕದ ಬಣ್ಣಕ್ಕೆ ತಿರುಗಿತ್ತು. ಅದಕ್ಕೆ ಕಾರಣ ನಾನೇ. ಎರಡು ವರ್ಷದ ಹಿಂದೆ ನೀರು ಕಡಿಮೆ ಆಗಿದೆ ಅಂತ ನಮ್ಮ ಅಪಾರ್ಟ್‌ಮೆಂಟಿನ ನಲ್ಲಿಯಿಂದ ಹಿಡಿದು ಸುರಿದಿದ್ದೆ. ನಮ್ಮದು ಬೋರ್‌ವೆಲ್ ನೀರು. ಗೀಸರ್ ಕಾಯಿಲ್ ಬಿಚ್ಚಿದಾಗ ಸುಣ್ಣ ಬಳಿದ ಹಾಗೆ ಬಿಳಿ ಪದರ ಇರುತ್ತದಲ್ಲ, ಅದೇ ನೀರು. ಗೀಸರಿಗೆ ಮಾಡಿದ್ದನ್ನು ರೇಡಿಯೇಟರಿಗೆ ಮಾಡದೆ ಬಿಡುತ್ತದೆಯೇ? ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ನೂರಿನ್ನೂರು ರೂಪಾಯಿಗೆ ಸಿಗುವಾಗ ಈ ಸೋಮಾರಿತನ. ಇರಲಿ, ಕೂಲೆಂಟ್ ಬದಲಾಯಿಸಿದ್ದು ಹೇಗೂ ಆಗಬೇಕಾದ ಕೆಲಸ. ಆದರೆ ಮುಳ್ಳು ಮತ್ತೆ ಎದ್ದಿತು.

ಆಮೇಲೆ ಥರ್ಮೋಸ್ಟಾಟ್. ಅದೂ ಹೊಸದಾಯಿತು. ಆಮೇಲೆ ಮುಚ್ಚಳ. ಮುಳ್ಳು ಅಲ್ಲೇ. ಒಂದು ಸರ್ವಿಸ್ ಸೆಂಟರಿನಲ್ಲಿ ತೋರಿಸಿದೆ. ಅವರು ಗಾಡಿ ಸ್ಟಾರ್ಟ್ ಮಾಡಿ, ಏಸಿ ಹಾಕಿ, ಬಾನೆಟ್ ಒಳಗೆ ಬಗ್ಗಿ ನೋಡಿ ‘ಫ್ಯಾನ್ ತಿರುಗ್ತಿದೆ ಸಾರ್, ಅದರದ್ದೇನಿಲ್ಲ’ ಅಂದರು. ರೇಡಿಯೇಟರ್ ಪೂರ್ತಿ ಹೊಸದು ಹಾಕೋಣ, ವಾಟರ್ ಬಾಡಿಯೂ (ನೀರು ತಳ್ಳುವ ಪಂಪು) ಒಟ್ಟಿಗೆ ಮಾಡಿಬಿಡೋಣ ಅಂತ ಎಸ್ಟಿಮೇಟ್ ಕೊಟ್ಟರು. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು ಬಂದೆ. ಈ ‘ಫ್ಯಾನ್ ತಿರುಗ್ತಿದೆ’ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ.

ಈ ಮಧ್ಯೆ ಒಂದು ದಿನ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ವಾಪಸ್ ಬರುತ್ತಿದ್ದೆ. ಮಧ್ಯಾಹ್ನ ಮೂರು ಗಂಟೆ. ಸಿಲ್ಕ್ ಬೋರ್ಡ್ ಜಂಕ್ಷನ್. ಮುಳ್ಳು ಏಳತೊಡಗಿತು. ಎಲ್ಲರೂ ಹೇಳುವುದು ನೆನಪಾಯಿತು, ಹೀಟ್ ಆದರೆ ಮೊದಲು ಏಸಿ ಆಫ್ ಮಾಡು ಅಂತ. ಆಫ್ ಮಾಡಿದೆ. ಗಾಜು ಇಳಿಸಿದೆ. ಮುಳ್ಳು ಇಳಿಯುವ ಬದಲು ಇನ್ನೂ ಜೋರಾಗಿ ಏರಿತು. ಎರಡು ಗೆರೆ, ಎರಡೂವರೆ. ಬೆನ್ನು ಒದ್ದೆಯಾಯಿತು, ಸೆಕೆಗಿಂತ ಹೆದರಿಕೆಗೆ. ಎಲ್ಲೋ ಓದಿದ್ದು ನೆನಪಾಗಿ ಹೀಟರ್ ಫುಲ್ ಇಟ್ಟೆ. ಕಾರಿನ ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್ ತಾನೇ. ಎಂಜಿನ್ನಿನ ಬಿಸಿ ನಮ್ಮ ಮುಖಕ್ಕೆ ಬಂದರೆ ಅದಕ್ಕೆ ಅಷ್ಟು ಕಡಿಮೆ. ಅಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, ‘ಏನೋ ಇದು, ಈ ಬಿಸಿಲಲ್ಲಿ ಒಲೆ ಹಚ್ಚಿದ್ದೀಯಾ?’ ಅಂದರು. ವಿವರಿಸಲು ಹೋದೆ. ‘ಅದಕ್ಕೆ ಜ್ವರ ಬಂದರೆ ನನಗ್ಯಾಕೋ ಕಷಾಯ’ ಅಂದರು. ಮುಳ್ಳು ಮಾತ್ರ ಮೆಲ್ಲಗೆ ಇಳಿಯಿತು. ಬೆವರು ಸುರಿಸಿಕೊಂಡು ಮನೆ ಸೇರಿದೆವು.

‘ಯಾವಾಗ ಸಾರ್?’

ಲಕ್ಕಸಂದ್ರದ ಕಡೆ ಒಬ್ಬರು ಹಳೇ ಮೆಕ್ಯಾನಿಕ್ ಇದ್ದಾರೆ. ಎಲ್ಲರಿಗೂ ಅವರು ಭಾಯ್. ಮರದ ನೆರಳಲ್ಲಿ ಮೂರು ಗಾಡಿ ನಿಲ್ಲುವಷ್ಟು ಜಾಗ, ಅದೇ ಗ್ಯಾರೇಜು. ನಾನು ಹೋದ ತಕ್ಷಣ ಶುರು ಮಾಡಿದೆ. ಕೂಲೆಂಟ್ ಚೇಂಜ್ ಆಗಿದೆ, ಥರ್ಮೋಸ್ಟಾಟ್ ಚೇಂಜ್ ಆಗಿದೆ, ಮುಚ್ಚಳ ಹೊಸದು. ಅವರು ಕೈಯೆತ್ತಿ ನಿಲ್ಲಿಸಿದರು. ‘ಏನು ಚೇಂಜ್ ಮಾಡಿದ್ರಿ ಅಂತ ಕೇಳಿಲ್ಲ ಸಾರ್. ಯಾವಾಗ ಹೀಟ್ ಆಗುತ್ತೆ, ಅದು ಹೇಳಿ.’

ಯಾವಾಗ ಅಂದರೆ? ನಾನು ತಡವರಿಸಿದೆ. ಅವರು ಚಹಾ ಲೋಟ ಇಟ್ಟು ಒಂದೊಂದಾಗಿ ಕೇಳಿದರು. ನಿಂತಾಗಲಾ, ಓಡುವಾಗಲಾ? ಬೆಳಿಗ್ಗೆ ಸ್ಟಾರ್ಟ್ ಮಾಡಿದ ಹತ್ತು ನಿಮಿಷಕ್ಕಾ, ಒಂದು ಗಂಟೆ ಆದ ಮೇಲಾ? ಏರು ಹತ್ತುವಾಗಲಾ? ನೀರು ಕಡಿಮೆ ಆಗುತ್ತಾ? ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ? ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆ? ಆಯಿಲ್ ಮುಚ್ಚಳದ ಕೆಳಗೆ ಹಾಲಿನ ಕೆನೆ ಥರ ಏನಾದರೂ? ಏಸಿ ಹಾಕಿದ್ರೆ ಜಾಸ್ತಿನಾ, ತೆಗೆದ್ರೆ ಜಾಸ್ತಿನಾ?

ಈ ಕೊನೆಯದಕ್ಕೆ ಮಾತ್ರ ನನ್ನ ಹತ್ತಿರ ಸರಿಯಾದ ಉತ್ತರ ಇತ್ತು. ತೆಗೆದರೆ ಜಾಸ್ತಿ. ಹೇಳಿದಾಗ ನನಗೇ ಪೆದ್ದುಪೆದ್ದಾಗಿ ಕೇಳಿಸಿತು. ಅವರ ಹುಬ್ಬು ಮೇಲೇರಿತು. ‘ಪಕ್ಕಾನಾ?’ ಅಂದರು. ಪಕ್ಕಾ ಇರಲಿಲ್ಲ. ‘ಒಂದು ವಾರ ಓಡಿಸಿ. ಬರ್ಕೊಂಡು ಬನ್ನಿ’ ಅಂತ ಕಳಿಸಿಬಿಟ್ಟರು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ, ಬ್ಲೂಟೂತ್ ಮೂಲಕ ಫೋನಿನಲ್ಲಿ ಡಿಗ್ರಿ ಓದುವ ಒಂದು ಒಬಿಡಿ ಡಬ್ಬಿ ತರಿಸಿಕೊಂಡೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಮುಳ್ಳು ಮುಚ್ಚಿಡುತ್ತಿದ್ದದ್ದೆಲ್ಲ ಈಗ ಬಯಲಾಯಿತು. ತುಮಕೂರು ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ 89, 90. ಏಸಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟ ಹತ್ತಿಸಿದೆ. ಅದರ ತುದಿ 1,478 ಮೀಟರ್. ತಿರುವುಗಳಲ್ಲಿ 95 ಆಯಿತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಸಿಗ್ನಲ್ಲಿನಲ್ಲಿ ಏಸಿ ಹಾಕಿ ನಿಂತರೆ 97, 99. ಅದೇ ಸಿಗ್ನಲ್ಲಿನಲ್ಲಿ ಏಸಿ ತೆಗೆದು ನಿಂತರೆ 101, 104, 107. ಕೆ.ಆರ್. ಪುರದ ತೂಗುಸೇತುವೆ ಹತ್ತಿರ ಒಮ್ಮೆ 109 ನೋಡಿ ನಾನೇ ಏಸಿ ಹಾಕಿಬಿಟ್ಟೆ. ಇಳಿಯಿತು. ವಿಚಿತ್ರ ಅಂದರೆ ಕೆಲವು ದಿನ ಏಸಿ ಇಲ್ಲದೆಯೂ 98ಕ್ಕೆ ತಾನೇ ನಿಂತು ಕೆಳಗೆ ಬರುತ್ತಿತ್ತು. ಎಲ್ಲವನ್ನೂ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದೆ.

ಭಾಯ್ ಆ ಪುಟವನ್ನು ಅರ್ಧ ನಿಮಿಷ ನೋಡಿದರು. ಆಮೇಲೆ ಅವರು ಬಿಡಿಸಿ ಹೇಳಿದ್ದರ ಸಾರ ಇಷ್ಟು. ಎಂಜಿನ್ ತಣ್ಣಗಿರಲು ಎರಡು ಹರಿಯಬೇಕು, ಒಳಗೆ ನೀರು, ಹೊರಗೆ ಗಾಳಿ. ಓಡುವಾಗ ಗಾಳಿ ಪುಕ್ಕಟೆ ಸಿಗುತ್ತದೆ. ಓಡುವಾಗಲೂ ಏರು ಹತ್ತುವಾಗಲೂ ಕಾದರೆ ನೀರು ಸರಿಯಾಗಿ ಹರಿಯುತ್ತಿಲ್ಲ ಅಂತ. ರೇಡಿಯೇಟರ್ ಕಟ್ಟಿರಬಹುದು, ವಾಟರ್ ಬಾಡಿ ಹೋಗಿರಬಹುದು, ಥರ್ಮೋಸ್ಟಾಟ್ ಅರ್ಧಕ್ಕೆ ಸಿಕ್ಕಿಕೊಂಡಿರಬಹುದು. ತಣ್ಣಗಿದ್ದ ಗಾಡಿ ಹತ್ತೇ ನಿಮಿಷಕ್ಕೆ ಕೆಂಪಿಗೆ ಹೋದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ, ಇಲ್ಲವೇ ಒಳಗೆ ನೀರೇ ಇಲ್ಲ. ನೀರು ಎಲ್ಲೂ ತೊಟ್ಟಿಕ್ಕದೆ ಕಡಿಮೆ ಆಗುತ್ತಾ, ಡಬ್ಬಿಯಲ್ಲಿ ಗುಳ್ಳೆ ಏಳುತ್ತಾ ಇದ್ದರೆ ಆಗ ಹೆಡ್ ಗ್ಯಾಸ್ಕೆಟ್ ಬಗ್ಗೆ ಯೋಚನೆ ಮಾಡಬೇಕು. ನಿಂತಾಗ ಮಾತ್ರ ಕಾದರೆ ನೀರಿನದ್ದು ಸರಿ ಇದೆ, ಗಾಳಿ ಇಲ್ಲ. ‘ನಿಮ್ಮದು ನಂದಿ ಬೆಟ್ಟ ಹತ್ತಿದೆ ಸಾರ್. ರೇಡಿಯೇಟರ್‌ಗೆ ಏನೂ ಆಗಿಲ್ಲ.’ ಜೇಬಿನಲ್ಲಿದ್ದ ಎಸ್ಟಿಮೇಟ್ ನೆನಪಾಯಿತು. ಶಿರಾಡಿಯ ಡ್ರೈವರೂ ನೆನಪಾದರು. ಅವರ ಗಾಡಿ ಏರಿನಲ್ಲಿ ಕಾಯುತ್ತಿತ್ತು, ಅದಕ್ಕೆ ಹೂಳು ಅಂದಿದ್ದರು. ನನ್ನದು ಅದಕ್ಕೆ ಪೂರಾ ಉಲ್ಟಾ.

ಎರಡು ಫ್ಯಾನು

ಬಾನೆಟ್ ಎತ್ತಿದರು. ಮೊದಲು ಏಸಿ ಕಂಡೆನ್ಸರ್ (ಏಸಿಯ ಬಿಸಿ ಹೊರಹಾಕುವ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಟ್ಟರು. ಹೊಂಗೆ ಎಲೆಯ ಚೂರು, ಮೆಟ್ರೋ ಕಾಮಗಾರಿಯ ಧೂಳು, ಸತ್ತ ಚಿಟ್ಟೆ. ಅದನ್ನು ಒಳಗಿನಿಂದ ಹೊರಗೆ ಗಾಳಿ ಹೊಡೆದು ತೆಗೆದರು. ಆಮೇಲೆ ಏಸಿ ತೆಗೆದು, ಗಾಡಿ ಸ್ಟಾರ್ಟಿನಲ್ಲಿ ಬಿಟ್ಟು, ಇನ್ನೊಂದು ಗಾಡಿಯ ಕೆಲಸಕ್ಕೆ ಹೋದರು. ನಾನು ಫೋನ್ ಹಿಡಿದು ಡಿಗ್ರಿ ಕೂಗುತ್ತಿದ್ದೆ. 92. 94. 96. 98ಕ್ಕೆ ಎಲ್ಲೋ ಒಳಗಿನಿಂದ ಟಿಕ್ ಅಂತು. ರಿಲೇ, ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ಚು. ಆದರೆ ಫ್ಯಾನ್ ತಿರುಗಲಿಲ್ಲ. ಭಾಯ್ ಬಂದು ಫ್ಯಾನಿನ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದರು. ಬಲ್ಬು ಉರಿಯಿತು. ಕರೆಂಟ್ ಬರುತ್ತಿದೆ, ಮೋಟರ್ ಸುಮ್ಮನೆ ಕೂತಿದೆ. ‘ಕೈ ಹಿಂದೆ ತಗೊಳ್ಳಿ’ ಅಂದು, ಉದ್ದ ಸ್ಕ್ರೂ ಡ್ರೈವರಿನ ಹಿಡಿಯಿಂದ ಮೋಟರ್ ಬೆನ್ನಿಗೆ ಒಂದು ಪೆಟ್ಟು ಕೊಟ್ಟರು. ಫ್ಯಾನ್ ಬುರ್ರಂತ ಎದ್ದಿತು. 97. 95. 93. ನಿಂತಿತು.

ನನ್ನ ಕಾರಿನಲ್ಲಿ ಪಕ್ಕಪಕ್ಕದಲ್ಲಿ ಎರಡು ಫ್ಯಾನ್ ಇವೆ. ಹನ್ನೊಂದು ವರ್ಷದಲ್ಲಿ ನಾನು ಎಣಿಸಿಯೇ ಇರಲಿಲ್ಲ. ಒಂದು ರೇಡಿಯೇಟರಿನದು, ಎಂಜಿನ್ ಕಾದಾಗ ತಿರುಗಬೇಕು. ಇನ್ನೊಂದು ಏಸಿಯದು, ಏಸಿ ಹಾಕಿದಾಗ ತಿರುಗುತ್ತದೆ. ಮೊದಲನೆಯದು ಮಲಗಿತ್ತು. ಎರಡನೆಯದು ತನ್ನ ಕೆಲಸದ ಜೊತೆ ಅದರ ಕೆಲಸವನ್ನೂ ಎಳೆಯುತ್ತಿತ್ತು. ಸರ್ವಿಸ್ ಸೆಂಟರಿನಲ್ಲಿ ಏಸಿ ಹಾಕಿ ನೋಡಿದರಲ್ಲ, ಅವರಿಗೆ ಕಂಡದ್ದು ಅದೇ. ಅವರು ಸುಳ್ಳು ಹೇಳಿರಲಿಲ್ಲ, ಫ್ಯಾನ್ ತಿರುಗುತ್ತಲೇ ಇತ್ತು. ಇನ್ನು ಸಿಲ್ಕ್ ಬೋರ್ಡಿನಲ್ಲಿ ನಾನು ಮಾಡಿದ್ದೇನು? ಊರೆಲ್ಲ ಹೇಳುವ ಬುದ್ಧಿಮಾತು ಕೇಳಿ ಏಸಿ ಆಫ್ ಮಾಡಿ, ದುಡಿಯುತ್ತಿದ್ದ ಒಂದೇ ಒಂದು ಫ್ಯಾನನ್ನೂ ನಿಲ್ಲಿಸಿಬಿಟ್ಟಿದ್ದೆ. ಆ ಬುದ್ಧಿಮಾತು ತಪ್ಪು ಅಂತ ಹೇಳುತ್ತಿಲ್ಲ. ಏಸಿ ಎಂಜಿನ್ನಿಗೆ ಹೊರೆಯೇ. ಅದರ ಬಿಸಿಯೂ ರೇಡಿಯೇಟರ್ ಮುಂದೆಯೇ ಬೀಳುತ್ತದೆ. ಹೆಚ್ಚಿನ ಗಾಡಿಗಳಲ್ಲಿ ತೆಗೆದರೆ ಒಳ್ಳೆಯದೇ. ನನ್ನ ಗಾಡಿಗೆ, ಆ ತಿಂಗಳು, ಅದು ಹೊಂದಲಿಲ್ಲ.

ಮೋಟರ್ ಬಿಚ್ಚಿ ತೋರಿಸಿದರು. ಒಳಗೆ ಕಾರ್ಬನ್, ಅಂದರೆ ಮೋಟರಿಗೆ ಕರೆಂಟ್ ಮುಟ್ಟಿಸುವ ತುಂಡು, ಸವೆದು ಉಗುರಿನಷ್ಟು ಉಳಿದಿತ್ತು. ತಾಮ್ರದ ಮೇಲೆ ಒಮ್ಮೆ ತಾಗುತ್ತದೆ, ಒಮ್ಮೆ ತಾಗುವುದಿಲ್ಲ. ರಸ್ತೆಯ ಗುಂಡಿಗೆ ಬಿದ್ದು ಕುಲುಕಿದರೆ ತಾಗಿಬಿಡುತ್ತದೆ. ಕೆಲವು ದಿನ ತಾನೇ ಸರಿಹೋಗುತ್ತಿದ್ದದ್ದು ಹೀಗೆ. ನಮ್ಮೂರಿನ ಗುಂಡಿಗಳಿಂದ ನನಗೆ ಆದ ಏಕೈಕ ಉಪಕಾರ! ಕಾರ್ಬನ್ ಮಾತ್ರ ಹಾಕಿಸಬಹುದಿತ್ತು, ಆದರೆ ತಾಮ್ರದಲ್ಲೂ ಗೀರು ಬಿದ್ದಿದೆ, ಬೇಡ ಅಂದರು. ಜೆ.ಸಿ. ರಸ್ತೆಗೆ ಹೋಗಿ ಹೊಸ ಮೋಟರ್ ತಂದುಕೊಟ್ಟೆ. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು.

ಮನೆಯಲ್ಲಿ ಅಮ್ಮನಿಗೆ ಇದೆಲ್ಲ ಹೇಳಿದೆ. ದೊಡ್ಡ ಪತ್ತೇದಾರಿ ಕಥೆಯ ಹಾಗೆ, ಸ್ಕ್ರೂ ಡ್ರೈವರ್ ಪೆಟ್ಟಿನವರೆಗೆ. ಅವರು ತೆಂಗಿನಕಾಯಿ ತುರಿಯುತ್ತಿದ್ದರು. ‘ಅಷ್ಟೇನಾ? ನಮ್ಮ ಹಳೇ ಮಿಕ್ಸಿಗೂ ಹಂಗೇ ಆಗ್ತಿತ್ತಲ್ಲೋ. ತಲೆ ಮೇಲೆ ಒಂದು ಕೊಟ್ರೆ ತಿರುಗೋದು. ಕಾರ್ಬನ್ ಹಾಕಿಸ್ಕೊಂಡು ಬಂದಿದ್ದು ನೀನೇ’ ಅಂದರು. ಹೌದು, ನಾನೇ. ಕಾಲೇಜಿನಲ್ಲಿದ್ದಾಗ.

ಈಗ ಸಿಗ್ನಲ್ಲಿನಲ್ಲಿ ನಿಂತಾಗ ರೇಡಿಯೋ ಸಣ್ಣ ಮಾಡುತ್ತೇನೆ. ಟಿಕ್, ಆಮೇಲೆ ಬುರ್ರ್, ಕಾಲಿನ ಕೆಳಗೆ ಸಣ್ಣ ನಡುಕ. ಮುಳ್ಳು ನಡುವೆ. ಕಳೆದ ಶನಿವಾರ ಇನ್ನೊಂದು ಕೆಲಸ ಮಾಡಿದೆ. ತೆಗೆದುಹಾಕಿದ್ದ ಹಳೇ ಥರ್ಮೋಸ್ಟಾಟ್ ಡಿಕ್ಕಿಯಲ್ಲೇ ಇತ್ತು. ಅದನ್ನು ಒಂದು ಪಾತ್ರೆ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಅಡುಗೆಯ ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿದೆ. ಅದರ ಅಂಚಿನಲ್ಲಿ 82 ಅಂತ ಬರೆದಿದೆ. 80 ಆಯಿತು, ಏನಿಲ್ಲ. 82, 83. ಕವಾಟ ಮೆಲ್ಲಗೆ, ಕೋಳಿ ಕಣ್ಣು ಬಿಟ್ಟ ಹಾಗೆ, ತೆರೆಯಿತು. ನೀರು ಕುದಿಯುವ ಹೊತ್ತಿಗೆ ಪೂರ್ತಿ ಬಾಯಿ ಬಿಟ್ಟಿತ್ತು. ಅದಕ್ಕೆ ಏನೂ ಆಗಿರಲೇ ಇಲ್ಲ. ಅಮ್ಮ ಬಂದು ಬಗ್ಗಿ ನೋಡಿದರು. ‘ಅದು ಹಾಲಿನ ಪಾತ್ರೆ ಅಲ್ವೇನೋ?’ ಅಂದರು.